ಶಿಫ್ಟ್ ಹೆಬ್ಬೆರಳಿಗೆ ಬಂತು, ಕೈ ಹಗುರವಾಯ್ತು: ನನ್ನ ಕೀಬೋರ್ಡ್ ಖರ್ಚಿನ ಕಥೆ

ಡಿಟಿಪಿ ಮಾಡುವ ನಮ್ಮವರು ನಾಲ್ಕು ಜನ ಸೇರಿದರೆ ಮಣಿಕಟ್ಟಿನ ಮಾತು ಬಂದೇ ಬರುತ್ತದೆ. ಕನ್ನಡ ಹೊಡೆಯುವವರಿಗೆ ಕಾಟ ಶುರುವಾಗುವುದು ಮಣಿಕಟ್ಟಿನಲ್ಲಲ್ಲ, ಕಿರುಬೆರಳಿನಲ್ಲಿ ಅಂತ ನಾನು ಹೇಳುತ್ತಲೇ ಬಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ನನ್ನ ಮೇಜಿನ ಮೇಲಿರುವ ಎರಡು ತುಂಡಿನ ಕೀಬೋರ್ಡಿನಲ್ಲಿ ವರ್ಷದ ಮೇಲಾಯ್ತು, ದಿನಾ ಪುಟಗಳು ಹೊರಗೆ ಬೀಳುತ್ತಿವೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಕನ್ನಡ ಹೊಡೆಯುವ ನುಡಿ ತಂತ್ರಾಂಶದ ಕೆ.ಪಿ. ರಾವ್ ಕೀ ವಿನ್ಯಾಸದಲ್ಲಿ 'ಮಾತನಾಡುತ್ತಾಳೆ' ಅಂತ ಹೊಡೆದು ನೋಡಿ. ಒಟ್ಟು 13 ಕೀ, ಅದರಲ್ಲಿ 4ಕ್ಕೆ ಶಿಫ್ಟ್. ಆ-ಕಾರ, ಳ, ಣ, ಶ, ಸೊನ್ನೆ (ಅಂಕಿಯಲ್ಲ, ಅನುಸ್ವಾರ) ಎಲ್ಲವೂ ಶಿಫ್ಟ್ ಮೇಲೇ ಇವೆ, ಇವಿಲ್ಲದ ಸಾಲು ಎಲ್ಲಿದೆ ಹೇಳಿ? ಇಂಗ್ಲಿಷಿನವರಿಗೆ ಶಿಫ್ಟ್ ಬೇಕಾಗುವುದು ವಾಕ್ಯ ಶುರುವಾದಾಗ, ಹೆಸರು ಬಂದಾಗ. ನಮಗೆ ಹೆಚ್ಚುಕಡಿಮೆ ಪದಪದಕ್ಕೂ ಬೇಕು. ಅದರಲ್ಲೂ ಆ-ಕಾರದ್ದು ದೊಡ್ಡ ಪೀಡೆ. ಎ ಕೀ ಎಡ ಕಿರುಬೆರಳಿನದು, ಅದಕ್ಕೆ ಜೊತೆ ಕೊಡಲು ಬಲ ಕಿರುಬೆರಳು ಆ ಕೊನೆಯ ಶಿಫ್ಟ್‌ಗೆ ಚಾಚಬೇಕು. ಇಡೀ ದಿನ ಇದೇ ಕೆಲಸ.

ಇದು ತಲೆಗೆ ಹೊಳೆಯುವ ಮೊದಲು ಹೋದ ದುಡ್ಡಿನ ಲೆಕ್ಕ ಹೇಳುತ್ತೇನೆ. ಮೊದಲು ಜೆಲ್ ತುಂಬಿದ ಮಣಿಕಟ್ಟಿನ ದಿಂಬು, ಐದಾರುನೂರು ರೂಪಾಯಿ. ಹೊಡೆಯುವಾಗ ಕೈ ಅದರ ಮೇಲೇ ಊರಿಕೊಂಡು ಇನ್ನೂ ಜಾಸ್ತಿ ನೋವಾಯ್ತು. ಆಮೇಲೆ ಮಧ್ಯೆ ಉಬ್ಬಿದ, ಒಂದೇ ತುಂಡಿನ ಕೀಬೋರ್ಡ್. ಮೈಕ್ರೋಸಾಫ್ಟಿನವರ ನ್ಯಾಚುರಲ್ 1994ರಲ್ಲಿ ಬಂದಾಗಿನಿಂದ ಈ ಆಕಾರ ಎಲ್ಲರಿಗೂ ಗೊತ್ತು. ನಾನು ತಂದದ್ದು ಬೇರೆ ಯಾರದೋ, ಸೆಕೆಂಡ್ ಹ್ಯಾಂಡ್, ಎರಡೂವರೆ ಸಾವಿರದ ಆಸುಪಾಸು. ಮಣಿಕಟ್ಟಿಗೆ ನಿಜಕ್ಕೂ ಹಿತವಾಗಿತ್ತು. ಆದರೆ ಬಲಗಡೆ ಅಂಕಿಗಳ ಪಟ್ಟಿ ಅಷ್ಟಗಲ, ಮೌಸ್ ಅದರಾಚೆ ಹೋಗಿ ಕೂತು ಭುಜ ಹಿಡಿದುಕೊಂಡಿತು. ಶಿಫ್ಟ್ ಮಾತ್ರ ಇದ್ದಲ್ಲೇ ಇತ್ತು.

ಮೂರನೆಯದು ಬ್ರೌನ್ ಸ್ವಿಚ್‌ನ ಚಿಕ್ಕ ಮೆಕ್ಯಾನಿಕಲ್, ಐದು ಸಾವಿರದ ಹತ್ತಿರ. ಒತ್ತುವ ಸುಖ ಚೆನ್ನಾಗಿತ್ತು. ಅದರ ಸದ್ದಿಗೆ ಪಕ್ಕದ ಮೇಜಿನ ಪ್ರೂಫ್ ನೋಡುವ ಮೇಡಂ, "ಇದನ್ನ ಮನೆಗೆ ತಗೊಂಡು ಹೋಗಿ ಸಾರ್" ಅಂದರು. ಕಿರುಬೆರಳಿಗೆ ಏನೂ ಲಾಭವಾಗಲಿಲ್ಲ. ನಡುವೆ ನಿಲುವಿನ ಮೌಸ್ ಒಂದು ಬಂತು, ಅದು ಈಗಲೂ ಇದೆ, ಅದರ ಬಗ್ಗೆ ದೂರಿಲ್ಲ.

ದಾರಿ ಸಿಕ್ಕಿದ್ದು ಗೆಳೆಯರೊಬ್ಬರ ಕಿನಿಸಿಸ್ ಅಡ್ವಾಂಟೇಜ್ ಕೀಬೋರ್ಡಿನಿಂದ. ಅಮೆರಿಕದಿಂದ ತಂದಿದ್ದರು, ಒಂದು ವಾರದ ಕೊನೆಗೆ ನನ್ನ ಹತ್ತಿರ ಬಿಟ್ಟುಹೋದರು. ಕೀಗಳು ಬಟ್ಟಲಿನೊಳಗೆ ಕೂತಿರುತ್ತವೆ, ಹೆಬ್ಬೆರಳಿಗೆ ಎರಡೂ ಕಡೆ ಕೀಗಳ ಗುಂಪೇ ಇದೆ. ಬ್ಯಾಕ್‌ಸ್ಪೇಸ್, ಎಂಟರ್, ಸ್ಪೇಸ್ ಎಲ್ಲ ಹೆಬ್ಬೆರಳಿಗೆ ಬಂದಿವೆ. ಶಿಫ್ಟ್? ಅದು ಕಿರುಬೆರಳಿನಲ್ಲೇ! ಬೇಕಾದರೆ ಬದಲಾಯಿಸಿಕೊಳ್ಳಬಹುದು, ನಿಜ. ಆದರೆ ಇವನ್ನೆಲ್ಲ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಇಂಗ್ಲಿಷ್ ಅಂತ ಆವತ್ತೇ ಗೊತ್ತಾಯ್ತು. ಶಿಫ್ಟ್ ಅನ್ನು ಎಡ ಹೆಬ್ಬೆರಳಿಗೆ ಹಾಕಿ ಒಂದು ಅಧ್ಯಾಯ ಹೊಡೆದೆ. ಸಂಜೆ ಕಿರುಬೆರಳು ಇದೆ ಅನ್ನುವುದೇ ಮರೆತುಹೋಗಿತ್ತು.

ಕೊಂಡುಬಿಡೋಣ ಅಂದರೆ ಬೆಲೆ ಕೇಳಿ. ನಾನು ನೋಡಿದಾಗ ಮೂನ್‌ಲ್ಯಾಂಡರ್ ಅನ್ನುವ ಎರಡು ತುಂಡಿನ ಕೀಬೋರ್ಡ್ 365 ಡಾಲರ್ ಇತ್ತು, ಕಿನಿಸಿಸ್‌ನ ಹೊಸದು 400 ಡಾಲರ್ ಮೇಲಿತ್ತು. ಸಾಗಣೆ, ಕಸ್ಟಮ್ಸ್ ಸೇರಿ ಕೈಗೆ ಬರುವಾಗ ಹೇಗೂ ನಲವತ್ತು ಸಾವಿರ ದಾಟುತ್ತಿತ್ತು. ನನಗೆ ಡೆಮಿ ಒಂದಕ್ಕೆಂಟು, ಅಂದರೆ ಮಾಮೂಲಿ ಪುಸ್ತಕದ ಅಳತೆಯ ಪುಟಕ್ಕೆ ಸಿಗುವುದು 25 ರೂಪಾಯಿ. ಅಂದರೆ 1,600 ಪುಟ. ಇನ್ನೂರು ಪುಟದ ಎಂಟು ಕಾದಂಬರಿ ಹೊಡೆದರೆ ಒಂದು ಕೀಬೋರ್ಡ್!

ಹಾಗಾಗಿ ಕಿಟ್, ಅಂದರೆ ಬಿಡಿಭಾಗಗಳನ್ನು ತಂದು ಕಟ್ಟುವುದು ಅಂತಾಯ್ತು. ಮೊದಲು ಕೊಂಡದ್ದು ಕಾರ್ನ್ ಅನ್ನುವ ಎರಡು ತುಂಡಿನದು, 42 ಕೀ. ನೋಡಲು ಮುದ್ದಾಗಿದೆ. ಆದರೆ ಅಂಕಿಗಳ ಸಾಲು ಇಲ್ಲ, ಇನ್ನೊಂದು ಕೀ ಒತ್ತಿ ಹಿಡಿದು ಹೊಡೆಯಬೇಕು. ಪ್ರೋಗ್ರಾಮ್ ಬರೆಯುವವರು ಇದನ್ನು ಹೊಗಳುತ್ತಾರೆ. ಪುಟಸಂಖ್ಯೆ, ಇಸವಿ, ಬೆಲೆಪಟ್ಟಿ, ಲಗ್ನಪತ್ರಿಕೆಯ ಫೋನ್ ನಂಬರು ಹೊಡೆಯುವ ನಮಗೆ ಆಗಿಬರಲ್ಲ. ಎಂಜಿನಿಯರಿಂಗ್ ಓದುವ ಹುಡುಗನೊಬ್ಬನಿಗೆ ಸಾವಿರ ಚಿಲ್ಲರೆ ನಷ್ಟಕ್ಕೆ ಕೊಟ್ಟೆ.

ಆಮೇಲೆ ಲಿಲಿ58, ಇದೂ ಎರಡು ತುಂಡಿನ ಕಿಟ್ಟೇ. ಕಡೆಗೆ ನಿಂತದ್ದು ಇದೇ. ಅಂಕಿಗಳ ಸಾಲಿದೆ, ಹೆಬ್ಬೆರಳಿಗೆ ಪ್ರತಿ ಕೈಗೂ ನಾಲ್ಕು ಕೀ, ಒಳಗಡೆ ಇನ್ನೊಂದು. ನೆನಪಿದ್ದಷ್ಟು ಹೇಳುವುದಾದರೆ ಬೋರ್ಡ್ ಜೋಡಿ ಹದಿನೈದುನೂರು, ಸ್ವಿಚ್‌ಗಳು ಒಂದೊಂದು ಇಪ್ಪತ್ತೈದರಂತೆ ಮತ್ತೊಂದು ಹದಿನೈದುನೂರು, ಕೀ ಟೋಪಿಗಳು ಸಾವಿರದ ಮೇಲೆ, ಕೀಬೋರ್ಡ್ ನಡೆಸುವ ಪುಟ್ಟ ಬೋರ್ಡ್ ಪ್ರೊ ಮೈಕ್ರೋ ಎರಡು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್, ಕೇಬಲ್ ಎಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ. ಒಟ್ಟು ಆರೂವರೆ ಸಾವಿರದೊಳಗೆ. ಸೋಲ್ಡರ್ ಮಾಡಿದ್ದು ಮೊಬೈಲ್ ರಿಪೇರಿ ಮಾಡುವ ಹುಡುಗ, ಐನೂರು ತಗೊಂಡ. ಡಯೋಡ್ ದಿಕ್ಕು ಎರಡು ಸಲ ಹೇಳಿದ್ದೆ, ಆದರೂ ಒಂದಷ್ಟು ತಿರುಗಾಮುರುಗಾ ಹಾಕಿಟ್ಟಿದ್ದ. ಆ ಕೀಗಳು ಸತ್ತಂತಿದ್ದವು, ಬಿಚ್ಚಿ ಮತ್ತೆ ಹಾಕಿಸಿದ್ದಾಯ್ತು. ಪ್ರೊ ಮೈಕ್ರೋದ ಮೈಕ್ರೋ ಯುಎಸ್‌ಬಿ ಬಾಯಿ ಒಂದು ತಿಂಗಳು ತಡೆಯಲಿಲ್ಲ, ಕಿತ್ತುಬಂತು. ಈಗ ಟೈಪ್ ಸಿ ಇರುವುದನ್ನು ಹಾಕಿದ್ದೇನೆ, ಸುತ್ತ ಅಂಟೂ ಬಳಿದಿದ್ದೇನೆ. ಇನ್ನು ಎರಡು ತುಂಡು ಸೇರಿಸುವ ಆ ಕೇಬಲ್ಲನ್ನು ಕರೆಂಟಿರುವಾಗ ಎಳೆಯಬೇಡಿ. ಗೊತ್ತಿದ್ದವರಿಗೂ ಮತ್ತೆ ಹೇಳುತ್ತೇನೆ.

ಇದನ್ನು ಮೇಜಿನ ಮೇಲಿಟ್ಟ ದಿನ ಪ್ರೆಸ್ಸಿನ ಯಜಮಾನರು, "ಏನ್ರೀ ಇದು, ಅಣ್ಣತಮ್ಮಂದಿರು ಪಾಲಾದ ಹಾಗಿದೆ" ಅಂದರು. ಅವರ ನಗು ಒಂದು ತಿಂಗಳು ನಡೆಯಿತು, ಯಾಕಂದರೆ ನನ್ನ ವೇಗ ಅರ್ಧಕ್ಕಿಳಿದಿತ್ತು. ಗಂಟೆಗೆ ಆರೇಳು ಪುಟ ಹೊಡೆಯುತ್ತಿದ್ದವನು ಮೂರಕ್ಕೆ ಬಂದೆ. ಜಾಸ್ತಿ ಕಾಡಿದ್ದು ಬ. ಅದನ್ನು ಬಲಗೈ ತೋರುಬೆರಳಿನಲ್ಲಿ ಹೊಡೆಯುವ ಚಟ ನನಗೆ. ಇಲ್ಲಿ ಬ ಎಡ ತುಂಡಿನಲ್ಲಿದೆ, ಬೆರಳು ಬರೀ ಮೇಜಿಗೆ ಬೀಳುತ್ತಿತ್ತು. ಅರ್ಜೆಂಟ್ ಕೆಲಸಕ್ಕೆ ಹಳೆಯ ಕೀಬೋರ್ಡ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಹಾಗೆ ಇಟ್ಟುಕೊಳ್ಳಬೇಡಿ ಅಂತ ಕೆಲವರು ಹೇಳುತ್ತಾರೆ, ಅವರಿಗೆ ಪುಟದ ಲೆಕ್ಕದಲ್ಲಿ ದುಡ್ಡು ಬರುವುದಿಲ್ಲ ಅನ್ಸುತ್ತೆ. ಈಗ ಗಂಟೆಗೆ ಎಂಟು ಪುಟ ಸಲೀಸು.

ಶಿಫ್ಟ್ ವಿಷಯಕ್ಕೆ ಬರೋಣ. ಎಡ ಹೆಬ್ಬೆರಳಿನಲ್ಲಿ ಒನ್‌ಶಾಟ್ ಶಿಫ್ಟ್. ಒಂದು ಸಲ ತಟ್ಟಿದರೆ ಮುಂದಿನ ಅಕ್ಷರಕ್ಕೆ ಮಾತ್ರ ಅನ್ವಯ, ಹಿಡಿದುಕೊಂಡು ಕೂರಬೇಕಿಲ್ಲ. ಸ್ಪೇಸ್ ಬಲ ಹೆಬ್ಬೆರಳಿಗೆ. ಬಲಗಡೆಯ ಒಳ ಕೀಗೆ ನೇರವಾಗಿ ಸೊನ್ನೆಯನ್ನೇ ಕೂರಿಸಿದ್ದೇನೆ, ಅಂದರೆ ಶಿಫ್ಟ್ ಮತ್ತು ಎಂ ಒಂದೇ ಏಟಿಗೆ. ಎಡಗಡೆಯ ಒಳ ಕೀಯಲ್ಲಿ ಏನಿದೆ ಅಂತ ಹೇಳಲ್ಲ, ಅದು ನನ್ನ ಬಂಡವಾಳ. ಹಳೆಯ ಟೈಪಿಂಗ್ ತಂತ್ರಾಂಶದಲ್ಲಿ ಒನ್‌ಶಾಟ್ ಕೆಲವೊಮ್ಮೆ ಶಿಫ್ಟ್ ನುಂಗಿ 'ಮಳೆ'ಯನ್ನು 'ಮಲೆ' ಮಾಡುತ್ತಿತ್ತು. ಅದಕ್ಕೂ ಕೀಬೋರ್ಡಿನೊಳಗೇ ಕೂತು ಯಾವ ಕೀಗೆ ಏನು ಅಂತ ನೋಡಿಕೊಳ್ಳುವ ಕ್ಯುಎಂಕೆ ತಂತ್ರಾಂಶದಲ್ಲೇ ಮದ್ದಿದೆ, ಹುಡುಕಿದರೆ ಸಿಗುತ್ತದೆ. ಹುಡುಕಲು ಪುರುಸೊತ್ತಿಲ್ಲದವರಿಗೆ ನಾನು ದುಡ್ಡು ತಗೊಂಡು ಮಾಡಿಕೊಡುತ್ತೇನೆ.

ಆಟೊ ಶಿಫ್ಟ್ ಕೂಡ ಸುಮ್ನೆ ಒಂದು ಕೈ ನೋಡಿದೆ. ಕೀ ತುಸು ಹೊತ್ತು ಒತ್ತಿ ಹಿಡಿದರೆ ಶಿಫ್ಟ್ ಆದ ಅಕ್ಷರ ಬರುತ್ತದೆ. ಕ್ಯುಎಂಕೆಯಲ್ಲಿ ಅದು ಮೊದಲೇ ಇಟ್ಟಿರುವುದು 175 ಮಿಲಿಸೆಕೆಂಡಿಗೆ. ಎಲ್ಲ ಅಕ್ಷರಕ್ಕೂ ಹಾಕಿದಾಗ ದೊಡ್ಡ ತಲೆನೋವಾಯ್ತು. ಪದಕ್ಕೆ ಎರಡು ಮೂರು ಸಲ ನಿಂತು ನಿಂತು ಹೋಗಬೇಕು, ಸಾಲದ್ದಕ್ಕೆ ಮಾಮೂಲಿ ಅಕ್ಷರವೂ ಬೆರಳು ಎತ್ತಿದ ಮೇಲೇ ಬೀಳುತ್ತದೆ. ಆದರೆ ಖ, ಘ, ಠ, ಝ ಇಂಥ ಅಪರೂಪದ ಮಹಾಪ್ರಾಣಗಳಿಗೆ ಮಾತ್ರ ಅದನ್ನು ಉಳಿಸಿಕೊಂಡಿದ್ದೇನೆ. ಧ, ಭ ಆಗಾಗ ಬರುತ್ತವೆ, ಅವು ಹೆಬ್ಬೆರಳಿಗೇ ಇರಲಿ. ಕೀಗಳ ಜಾಗ ಬದಲಿಸಿದ ಡ್ವೊರಾಕ್, ಕೋಲ್‌ಮ್ಯಾಕ್ ವಿನ್ಯಾಸ ಕಲಿಯಿರಿ ಅಂತ ಸಲಹೆ ಕೊಡುವವರೂ ಇದ್ದಾರೆ. ಅವೆಲ್ಲ ಇಂಗ್ಲಿಷಿನ ಲೆಕ್ಕ ಹಾಕಿ ಮಾಡಿದ್ದು, ನಮ್ಮ ಕ, ತ, ಡಗಳಿಗೆ ಅದರಿಂದ ಏನು ಬಂತು? ಕನ್ನಡದ ಇನ್ನೊಂದು ಕೀ ವಿನ್ಯಾಸ ಇನ್‌ಸ್ಕ್ರಿಪ್ಟ್ ಬಗ್ಗೆ ಜಗಳ ಬೇಡ. ಸ್ವರ ಎಡಕ್ಕೆ, ವ್ಯಂಜನ ಬಲಕ್ಕೆ ಇರುವುದು ಅಭ್ಯಾಸ ಇದ್ದವರಿಗೆ ಒಗ್ಗಿದೆ, ನಾನು ಈ ವಯಸ್ಸಿನಲ್ಲಿ ಅತ್ತ ಹೋಗಲ್ಲ.

ತುಂಡುಗಳನ್ನು ಓರೆ ಮಾಡಿ ನಿಲ್ಲಿಸಲು ಬಡಗಿಯಿಂದ ಬೆಣೆ ಮಾಡಿಸಿದೆ, ಜೋಡಿಗೆ ನೂರೈವತ್ತು. ಹದಿನೈದು ಡಿಗ್ರಿ ಹತ್ತಿರ ಇರಬೇಕು, ಅಳೆದಿಲ್ಲ. ಅದಕ್ಕಿಂತ ಎತ್ತರ ಮಾಡಿದರೆ ಹೆಬ್ಬೆರಳು ಶಿಫ್ಟ್ ಮೇಲೆ ಸರಿಯಾಗಿ ಕೂರುವುದಿಲ್ಲ.

ನೋವು ಪೂರ್ತಿ ಮಾಯವಾಯ್ತು ಅಂತ ಹೇಳಲ್ಲ. ಪುಸ್ತಕ ಬಿಡುಗಡೆಯ ಮುನ್ನಾದಿನ ಎಡೆಬಿಡದೆ ಹೊಡೆದರೆ ಭುಜ ಈಗಲೂ ಬಿಗಿಯುತ್ತದೆ. ಕಿರುಬೆರಳಿನ ಸೆಳೆತ ಮಾತ್ರ ಮತ್ತೆ ಬಂದಿಲ್ಲ. ಯಜಮಾನರು ಈಗ ತಮ್ಮ ಮಗಳಿಗೂ ಒಂದು ಕಟ್ಟಿಕೊಡಿ ಅಂದಿದ್ದಾರೆ. ಈ ಸಲ ಸ್ವಿಚ್ ಕಿತ್ತು ಬದಲಾಯಿಸಬಹುದಾದ ಬೋರ್ಡ್ ಹಾಕುತ್ತಿದ್ದೇನೆ, ಐನೂರು ಆರುನೂರು ಜಾಸ್ತಿಯಾದರೂ ಸೋಲ್ಡರ್ ಹುಡುಗನ ಕಾಟ ಕಡಿಮೆ.

ದುಡ್ಡು ಹಾಕುವ ಮೊದಲು ಪುಕ್ಕಟೆ ನೋಡಬೇಕು ಅನ್ನುವವರು ಈಗಿರುವ ಕೀಬೋರ್ಡಿನಲ್ಲೇ ಪ್ರಯತ್ನಿಸಿ. ವಿಂಡೋಸಿನ ಪವರ್‌ಟಾಯ್ಸ್ ಅನ್ನುವ ಪುಕ್ಕಟೆ ತಂತ್ರಾಂಶ ಹಾಕಿಕೊಂಡು ಎಡ ಆಲ್ಟ್ ಕೀಯನ್ನು ಶಿಫ್ಟ್ ಮಾಡಿ. ಸ್ಪೇಸ್ ಪಕ್ಕದಲ್ಲೇ ಇರುವುದರಿಂದ ಹೆಬ್ಬೆರಳು ಸ್ವಲ್ಪ ಮಡಚಿದರೆ ಸಿಗುತ್ತದೆ. ಒಂದೆರಡು ವಾರ ಕಾದಂಬರಿ ಪುಟ ಹೊಡೆದು ನೋಡಿ. ಪುಟ ಜೋಡಿಸುವ ಪೇಜ್‌ಮೇಕರಿನಲ್ಲಿ ಆಲ್ಟ್ ಬೇಕಾದಾಗ ಬಲಗಡೆಯದು ಇದ್ದೇ ಇದೆ, ಅಲ್ವಾ?