ಕುಡಿತ ಬಿಡಲು ಜೊತೆ ಬೇಕಾ? ಹತ್ತಿರದ ಮೀಟಿಂಗ್ ಹುಡುಕುವುದು ಹೀಗೆ

ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದವರು, ಮಂಜುನಾಥನ ಮೇಲೆ ಆಣೆ ಇಟ್ಟವರು ನಮ್ಮ ಸುತ್ತಮುತ್ತ ಕಡಿಮೆ ಇಲ್ಲ. ಬೆಳಗ್ಗೆ ಹೇಳುವಾಗ ಅದು ನಿಜವೇ. ಸಂಜೆ ಏಳು ಗಂಟೆಗೆ ಮೈ ಕೇಳಲು ಶುರು ಮಾಡುತ್ತದಲ್ಲ, ಆಗ ಒಬ್ಬನೇ ಇರುವುದು ಕಷ್ಟ. ಆ ಹೊತ್ತಿಗೆ ಬಾರ್ ಬಿಟ್ಟು ಹೋಗಲು ಇನ್ನೊಂದು ಜಾಗ ಬೇಕು.

ಆದರೆ ಗುಂಪು ಹುಡುಕುವ ಮೊದಲು ಡಾಕ್ಟರ್. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಂದೇ ಸಲ ನಿಲ್ಲಿಸಿದರೆ ಕೈ ನಡುಗಬಹುದು, ಮೈ ಬೆವರಬಹುದು, ನಿದ್ದೆ ಬಾರದಿರಬಹುದು. ಕೆಲವರಿಗೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರುತ್ತದೆ, ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದು ಕಾಣುವುದು, ಕೇಳುವುದು ಶುರುವಾಗುತ್ತದೆ. ಇದರಲ್ಲಿ ಜೀವ ಹೋಗುವ ಅಪಾಯವೂ ಇದೆ, ಹಾಗಾಗಿ 'ಗಟ್ಟಿ ಮನಸ್ಸು ಮಾಡಿ ಮನೇಲೇ ಬಿಟ್ಟುಬಿಡು' ಎನ್ನುವ ಬುದ್ಧಿಮಾತು ಇಂಥವರಿಗೆ ಬೇಡ. ಇದಕ್ಕೆ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆಗಳಿವೆ. ಅಷ್ಟು ದೂರ ಆಗದಿದ್ದರೆ ತಾಲೂಕು ಆಸ್ಪತ್ರೆಗೆ ಹೋಗಿ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಕೇಳಿ.

ಈಗ ಫೋನ್ ತೆಗೆದುಕೊಳ್ಳಿ. 14446 ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. 14416 ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ದುಡ್ಡಿಲ್ಲ. ಸುಮ್ನೆ 'ಕುಡಿತ ಬಿಡಿಸಬೇಕು' ಎಂದರೆ ಬರೀ ಆಸ್ಪತ್ರೆ ಹೆಸರು ಸಿಗಬಹುದು, ಅದಕ್ಕೇ ಸರಿಯಾಗಿ ಕೇಳಿ: ನಮ್ಮ ಊರಿನ ಹತ್ತಿರ ಕುಡಿತ ಬಿಟ್ಟವರು ಸೇರುವ ಮೀಟಿಂಗ್ ಎಲ್ಲಿದೆ, ಯಾವ ವಾರ, ಎಷ್ಟು ಗಂಟೆಗೆ, ಯಾವ ಭಾಷೆಯಲ್ಲಿ? ಸಾಧ್ಯವಾದರೆ ಕುಡಿಯುವವರೇ ಫೋನ್ ಮಾಡಲಿ. ಹೆಂಡತಿ ಮಾಡಿದರೆ ವಿಳಾಸ ಸಿಗುತ್ತದೆ, ಆಸಾಮಿ ಮನೆಯಲ್ಲೇ ಕೂತಿರುತ್ತಾನೆ!

ನಗರಗಳಲ್ಲಿ ಸಿಗುವುದು ಹೆಚ್ಚಾಗಿ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಷೇರು ವ್ಯವಹಾರದ ಒಬ್ಬ ಕುಡುಕ ಮತ್ತು ಒಬ್ಬ ಕುಡುಕ ಸರ್ಜನ್ ಸೇರಿ ಕಟ್ಟಿದ್ದು. ಕುಡುಕನ ಕಷ್ಟ ಕುಡುಕನಿಗೇ ಗೊತ್ತು, ಇಷ್ಟೇ ಅದರ ಬಂಡವಾಳ. ಎಎ ಇಂಡಿಯಾದ ವೆಬ್‌ಸೈಟಿನಲ್ಲಿ ಊರು ಹಾಕಿ ಹುಡುಕಿ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಗುಂಪುಗಳು ಬೇರೆ ಬೇರೆ ಇವೆ. ಹೊರದೇಶದಲ್ಲಿ ಇದ್ದರೆ ಆನ್‌ಲೈನ್ ಮೀಟಿಂಗೂ ಉಂಟು. ಹೊರಡುವ ಮುಂಚೆ ಒಮ್ಮೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ, ಯಾಕೆಂದರೆ ಇವರಿಗೆ ಸ್ವಂತ ಕಟ್ಟಡ ಇರುವುದು ಅಪರೂಪ. ಶಾಲೆಯದೋ ಚರ್ಚಿನದೋ ಒಂದು ಕೋಣೆ ಇರುತ್ತದೆ, ಜಾಗವೂ ಹೊತ್ತೂ ಬದಲಾಗುತ್ತಿರುತ್ತದೆ. ಚರ್ಚ್ ಕಂಡು ಮತಾಂತರ ಅಂದುಕೊಂಡು ಗೇಟಿನಿಂದಲೇ ವಾಪಸ್ ಬರಬೇಡಿ, ಅದು ಬರೀ ಬಾಡಿಗೆ ಕೋಣೆ.

ಮೊದಲ ದಿನ ಏನಾಗುತ್ತದೆ? ಏನೂ ಆಗಲ್ಲ. ಒಂದು, ಒಂದೂವರೆ ಗಂಟೆ ಕೂರುವುದು. ಬಂದವರು ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ, ಅದಕ್ಕೆ ಅಲ್ಲಿ ಶೇರಿಂಗ್ ಎನ್ನುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನೀವು ಮಾತಾಡಲೇಬೇಕು ಅಂತಿಲ್ಲ. ಪೂರ್ತಿ ಹೆಸರು, ಆಧಾರ್, ಆಫೀಸು ಯಾರೂ ಕೇಳುವುದಿಲ್ಲ. ಫೀಸ್ ಇಲ್ಲ, ಕೊನೆಗೆ ಒಂದು ಡಬ್ಬಿ ಸುತ್ತುತ್ತದೆ, ಹೊಸಬರು ಹಾಕದಿದ್ದರೂ ನಡೆಯುತ್ತದೆ. ಮನೆಯವರೂ ಜೊತೆಗೆ ಬರುವುದಾದರೆ 'ಓಪನ್ ಮೀಟಿಂಗ್' ಯಾವತ್ತು ಎಂದು ಕೇಳಿ. 'ಕ್ಲೋಸ್ಡ್' ಅಂದರೆ ಕುಡಿತ ಬಿಡಬೇಕು ಎನ್ನುವವರಿಗೆ ಮಾತ್ರ. ದೇವರ ಮಾತು ಬರುತ್ತದೆ, ನಿಮಗೆ ನಂಬಿಕೆ ಇಲ್ಲದಿದ್ದರೆ ಅದನ್ನು ಪಕ್ಕಕ್ಕಿಟ್ಟು ಕಥೆ ಕೇಳಿ, ಪರವಾಗಿಲ್ಲ.

ಹಳ್ಳಿ ಕಡೆ ದಾರಿ ಬೇರೆ. ಅಲ್ಲಿ ಧರ್ಮಸ್ಥಳ ಯೋಜನೆಯವರು ಜನಜಾಗೃತಿ ವೇದಿಕೆಯ ಜೊತೆ ಎಂಟು ದಿನದ ಮದ್ಯವರ್ಜನ ಶಿಬಿರ ಮಾಡುತ್ತಾರೆ. ನಿಮ್ಮ ಊರಿನ ಸ್ವಸಹಾಯ ಸಂಘದ ಹೆಂಗಸರನ್ನು ಕೇಳಿದರೆ ಮುಂದಿನ ಶಿಬಿರ ಎಲ್ಲಿ ಅಂತ ತಿಳಿಯುತ್ತದೆ. ನನ್ನ ಕೇಳಿದರೆ ಎಂಟು ದಿನಕ್ಕಿಂತ ಒಂಬತ್ತನೇ ದಿನವೇ ದೊಡ್ಡದು. ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿ ಅಂತ ಇರುತ್ತದೆ, ಬಿಡದೆ ಅದಕ್ಕೆ ಹೋಗಿ.

ಮನೆಯವರಿಗೆ ಒಂದು ಮಾತು. ನಿಮಗೂ ಗುಂಪಿದೆ, ಹೆಸರು ಅಲ್-ಅನಾನ್. ಅವರು ಬಿಡಲಿ ಆಮೇಲೆ ನೋಡೋಣ ಅಂತ ಕಾಯಬೇಡಿ, ಅವರು ಬಿಡದಿದ್ದರೂ ನೀವು ಹೋಗಬಹುದು. ಇನ್ನು 'ಗೊತ್ತಾಗದಂತೆ ಊಟದಲ್ಲಿ ಬೆರೆಸಿ' ಎಂಬ ಜಾಹೀರಾತಿನ ಪುಡಿ ಖಂಡಿತ ಬೇಡ. ಕುಡಿತ ಬಿಡಿಸಲು ಡಾಕ್ಟರ್ ಕೊಡುವ ಡೈಸಲ್ಫಿರಾಂ ಮಾತ್ರೆಯನ್ನೂ ಕದ್ದು ಹಾಕಬಾರದು. ಅದರ ಮೇಲೆ ಕುಡಿದರೆ ಜೀವಕ್ಕೇ ಕುತ್ತು.

ಮೊದಲ ಗುಂಪು ಹಿಡಿಸದೇ ಇರಬಹುದು. ಎಲ್ಲರೂ ವಯಸ್ಸಾದವರು, ಅಥವಾ ಯಾರೋ ಪರಿಚಯದವರು ಕೂತಿದ್ದಾರೆ. ಹೆದರಬೇಡಿ, ಅವರೂ ಅದಕ್ಕೇ ಬಂದಿರುವುದು. ಬೇಕಿದ್ದರೆ ಬೇರೆ ಏರಿಯಾದ ಗುಂಪಿಗೆ ಹೋಗಿ, ಆದರೆ ನಾಲ್ಕೈದು ಮೀಟಿಂಗ್ ಆಗುವ ತನಕ ತೀರ್ಮಾನ ಬೇಡ. ಹೆಂಗಸರು ಹೆಂಗಸರದೇ ಗುಂಪು ಇದೆಯಾ ಎಂದು ವಿಚಾರಿಸಬಹುದು. ನಡುವೆ ಒಂದು ದಿನ ಕುಡಿದುಬಿಟ್ಟರೆ, ಮಾರನೇ ದಿನದ ಮೀಟಿಂಗಿಗೆ ಹೋಗಿ ಅದನ್ನೇ ಹೇಳಿ. ಅಲ್ಲಿ ಕೂತವರಲ್ಲಿ ಅದು ಆಗದವರು ಕಡಿಮೆ.

ಹೊರಡುವಾಗ ಇಬ್ಬರ ಫೋನ್ ನಂಬರ್ ಕೇಳಿ ಇಟ್ಟುಕೊಳ್ಳಿ. ಎರಡು ಮೂರು ವಾರ ಆದ ಮೇಲೆ ಕುರ್ಚಿ ಜೋಡಿಸುವುದೋ ಟೀ ಮಾಡುವುದೋ, ಒಂದು ಕೆಲಸ ಕೇಳಿ ತೆಗೆದುಕೊಳ್ಳಿ. ಏಳು ಗಂಟೆಯ ಮೀಟಿಂಗಿಗೆ ಟೀ ಮಾಡುವವರು ಆರೂವರೆಗೇ ಅಲ್ಲಿರಬೇಕಾಗುತ್ತದೆ.