ಮಕ್ಕಳ ಪುಸ್ತಕಕ್ಕೆ ರಿವ್ಯೂ: ನಾನು ಹೆಂಗೆ ಬರೀತೀನಿ

ಚಿಕ್ಕಮಗಳೂರಲ್ಲಿ ಕೂತು ಮಕ್ಕಳ ಪುಸ್ತಕಕ್ಕೆ ರಿವ್ಯೂ ಬರೀತೀನಿ ಅಂದ್ರೆ ಜನ ಮೊದಲು ಕೇಳೋದು ದುಡ್ಡು ಕೊಡ್ತಾರಾ ಅಂತ, ಆಮೇಲೆ ಮಕ್ಕಳ ಪುಸ್ತಕಕ್ಕೆಲ್ಲ ರಿವ್ಯೂ ಯಾಕ್ರೀ ಅಂತ. ದುಡ್ಡು ಯಾರೂ ಕೊಡಲ್ಲ. ಯಾಕೆ ಅನ್ನೋದಕ್ಕೆ ಉತ್ತರ ಏನಂದ್ರೆ, ಓದೋದು ಮಗು ಆದ್ರೂ ಆರಿಸೋದು ಅಪ್ಪ ಅಮ್ಮ, ಮೇಷ್ಟ್ರು, ಲೈಬ್ರರಿ ನೋಡ್ಕೊಳ್ಳೋರು, ಇವರಲ್ಲಿ ಮುಕ್ಕಾಲು ಪಾಲು ಜನ ಅದನ್ನ ಪೂರ್ತಿ ಓದಿರಲ್ಲ, ಮುಖಪುಟ ನೋಡ್ತಾರೆ, ಬೆಲೆ ನೋಡ್ತಾರೆ, ಕೊನೇಲಿ ನೀತಿ ಇದ್ಯಾ ನೋಡ್ತಾರೆ ಅಷ್ಟೇ. ನಾನು ಬರೆಯೋದು ಅವರಿಗೋಸ್ಕರ. ಒಂದು ಪುಟ ಟೈಪ್ ಮಾಡಿ ಲೈಬ್ರರಿ ಬಾಗಿಲಿಗೆ ಅಂಟಿಸ್ತೀನಿ, ಪರಿಚಯದ ಟೀಚರ್‌ಗಳಿಗೆ ಕಳಿಸ್ತೀನಿ.

ಮೊದಲು ಮನೇಲಿ ಒಬ್ಬಳೇ ಓದ್ತೀನಿ, ಆಮೇಲೆ ಭಾನುವಾರ ಮೂಡಿಗೆರೆ ಕಡೆ ಒಂದು ಗ್ರಾಮ ಪಂಚಾಯ್ತಿ ಲೈಬ್ರರಿಗೆ ಹೋಗಿ ಮಕ್ಕಳ ಮುಂದೆ ಜೋರಾಗಿ ಓದ್ತೀನಿ (ಬೋರ್ಡಲ್ಲಿ ಈಗ ಅರಿವು ಕೇಂದ್ರ ಅಂತಿದೆ, ಊರೋರಿಗೆ ಇನ್ನೂ ಲೈಬ್ರರಿನೇ). ಅಲ್ಲಿ ಬರೋ ಮಕ್ಕಳಲ್ಲಿ ಎಸ್ಟೇಟ್ ಕೆಲಸದವರ ಲೈನ್ ಮನೆಯವರು ಜಾಸ್ತಿ, ಒಬ್ಬನ ಮನೇಲಿ ತಮಿಳು, ಇನ್ನೊಬ್ಬಳ ಮನೇಲಿ ತುಳು, ಮತ್ತೊಬ್ಬರ ಮನೇಲಿ ಬ್ಯಾರಿ, ಕನ್ನಡ ಓದಕ್ಕೆ ಕಲಿತಿರೋದು ಶಾಲೇಲೇ. ಅವರ ಮುಂದೆ ಓದಿದಾಗ ಪುಸ್ತಕದ ಬಂಡವಾಳ ಗೊತ್ತಾಗಿಬಿಡುತ್ತೆ. ಮಕ್ಕಳ ಕಣ್ಣು ಎಲ್ಲಿ ಕಿಟಕಿ ಕಡೆ ಹೋಯ್ತೋ ಆ ಸಾಲಿಗೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕಿ ಇಡ್ತೀನಿ. ಚಿತ್ರ ತೋರಿಸಿ ಅಕ್ಕ ಅಂತ ಮುಂದೆ ಬಂದ್ರೆ ಅಲ್ಲೊಂದು ಗೆರೆ. ಕಥೆ ಚೆನ್ನಾಗಿತ್ತಾ ಅಂತ ಮಾತ್ರ ಕೇಳಲ್ಲ, ಕೇಳಿದ್ರೆ ಎಲ್ಲರೂ ರಾಗವಾಗಿ ಚೆನ್ನಾಗಿತ್ತೂ ಅಂತಾರೆ, ಶಾಲೇಲಿ ಅದೇ ಅಭ್ಯಾಸ ಆಗಿದೆ. ಅದರ ಬದಲು ಪುಸ್ತಕ ಅಲ್ಲೇ ಬಿಟ್ಟು ಬರ್ತೀನಿ, ಮುಂದಿನ ವಾರ ಹೋದಾಗ ಅದರ ಮೂಲೆ ಮಡಚಿದ್ಯಾ, ಕೊಳೆ ಆಗಿದ್ಯಾ ಅಂತ ನೋಡ್ತೀನಿ. ಹೊಸದರ ಹಾಗೇ ಇದ್ರೆ ಯಾರೂ ಮುಟ್ಟಿಲ್ಲ ಅಂತ ಲೆಕ್ಕ.

ವಯಸ್ಸಿನ ವಿಷ್ಯ. ಪುಸ್ತಕದ ಮೇಲೆ 6ರಿಂದ 8 ವರ್ಷ ಅಂತ ಹಾಕಿರ್ತಾರಲ್ಲ, ನಮ್ಮ ಕಡೆ ಅದು ಅಷ್ಟು ಕೆಲಸಕ್ಕೆ ಬರಲ್ಲ, ಐದನೇ ಕ್ಲಾಸಿನ ಹುಡುಗ ಇನ್ನೂ ಕೂಡಿಸಿ ಕೂಡಿಸಿ ಓದ್ತಿರ್ತಾನೆ, ಅವನ ಕೈಗೆ ಪುಟಾಣಿಗಳಿಗೆ ಅಂತ ಬರೆದಿರೋ ಪುಸ್ತಕ ಕೊಟ್ರೆ ಪಕ್ಕದವರು ನಗ್ತಾರೆ. ಮಕ್ಕಳ ಪುಸ್ತಕ ತರೋ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ವೆಬ್‌ಸೈಟ್‌ನಲ್ಲಿ ವಯಸ್ಸಲ್ಲ, ಓದೋ ಲೆವೆಲ್ ಇದೆ. ಲೆವೆಲ್ 1 ಅಂದ್ರೆ 250 ಪದದೊಳಗೆ, 2 ಅಂದ್ರೆ 600ರ ತನಕ, 3 ಅಂದ್ರೆ 1500ರ ತನಕ, ಅದಕ್ಕಿಂತ ದೊಡ್ಡದು 4. ನಾನೂ ಅದನ್ನೇ ಹಿಡ್ಕೊಂಡಿದೀನಿ, ಆದ್ರೆ ಕನ್ನಡಕ್ಕೆ ಪದ ಎಣಿಸಿದ್ರೆ ಮುಗಿಯಲ್ಲ, ಸಂಧಿ ಮಾಡಿ ಮಾಡಿ ಒಂದೊಂದು ಪದಾನೂ ರೈಲು ಬೋಗಿ ಥರ ಉದ್ದ ಇರುತ್ತೆ, ಮೇಲೆ ಒತ್ತಕ್ಷರ, ಅರ್ಕಾವತ್ತು. ಹಾಗಾಗಿ ಮೊದಲ ಎರಡು ಪುಟದ ಒತ್ತಕ್ಷರ ಎಷ್ಟು ದಟ್ಟ ಇದೆ ನೋಡಿ ಒಂದು ಸಾಲು ಬರೀತೀನಿ. ಅಕ್ಷರದ ಸೈಜು, ಚಿತ್ರದ ಮೇಲೇ ಅಕ್ಷರ ಪ್ರಿಂಟ್ ಆಗಿ ಕಾಣದೇ ಇರೋದು, ಪಿನ್ ಕಿತ್ತು ಬರುತ್ತಾ ಅನ್ನೋದು, ಇವನ್ನೂ ಬರೀಬೇಕು. ಚಿತ್ರ ಬರೆದೋರ ಹೆಸರನ್ನಂತೂ ತಪ್ಪದೇ ಹಾಕ್ತೀನಿ, ಎಷ್ಟೋ ಪುಸ್ತಕದಲ್ಲಿ ಅದು ಒಳಗೆಲ್ಲೋ ಸಣ್ಣಕ್ಷರದಲ್ಲಿ ಅಡಗಿರುತ್ತೆ.

ಕಷ್ಟ ಇರೋದು ಹೈಸ್ಕೂಲ್ ಮಕ್ಕಳದ್ದು. ಚಿಕ್ಕವರಿಗೆ ಬೇಕಾದಷ್ಟಿದೆ, ದೊಡ್ಡವರಿಗೆ ಇದೆ, ನಡುವೆ ಹದಿಮೂರು ಹದಿನಾಲ್ಕರವರಿಗೆ ಅಂತ ಕನ್ನಡದಲ್ಲಿ ತುಂಬಾ ಕಮ್ಮಿ, ಬಂದ್ರೂ ಮಹಾಪುರುಷರ ಜೀವನ ಚರಿತ್ರೆ, ಇಲ್ಲಾಂದ್ರೆ ಮೊಬೈಲ್ ನೋಡಬೇಡಿ ಅನ್ನೋ ಉಪದೇಶದ ಕಾದಂಬರಿ. ಒಂಬತ್ತನೇ ಕ್ಲಾಸಿನ ಒಬ್ಬಳಿಗೆ ಅಂಥದ್ದೊಂದು ಕೊಟ್ಟಿದ್ದೆ, ವಾಪಸ್ ಕೊಡ್ತಾ "ಅಕ್ಕ, ಇದ್ರಲ್ಲಿ ಎಲ್ರೂ ನಮ್ಮಮ್ಮನ ಥರಾನೇ ಮಾತಾಡ್ತಾರೆ" ಅಂದ್ಲು, ರಿವ್ಯೂನಲ್ಲಿ ಅದನ್ನೇ ಮೊದಲ ಸಾಲು ಮಾಡ್ದೆ. ಈ ವಯಸ್ಸಿನವರಿಗೆ ನಾನು ದೊಡ್ಡವರ ಕಪಾಟಿಂದಾನೇ ಹುಡುಕಿ ಪರಿಚಯ ಮಾಡ್ತೀನಿ. ತೇಜಸ್ವಿಯವರ ಕರ್ವಾಲೊ ಕಾದಂಬರಿ ಬಂದಿದ್ದು 1980ರಲ್ಲಿ, ಮಕ್ಕಳಿಗೆ ಅಂತ ಬರೆದಿದ್ದೇನಲ್ಲ, ಆದ್ರೆ ಮೂಡಿಗೆರೆ ಕಡೆ ಮಕ್ಕಳಿಗೆ ಕಾಡು, ಜೇನು, ಹಾರೋ ಓತಿ ಅಂದ್ರೆ ಮನೆ ಹಿಂದಿನ ವಿಷ್ಯ, ನಿಧಾನ ಆದ್ರೂ ಬಿಡದೆ ಓದ್ತಾರೆ. ಪ್ರೀತಿ, ಸಾವು, ಜಾತಿ ಬರೋ ಪುಸ್ತಕ ಇದ್ರೆ ಏನಿದೆ, ಎಷ್ಟಿದೆ ಅಂತ ಮುಚ್ಚಿಡದೆ ಹೇಳ್ತೀನಿ, ಕೊಡಬೇಡಿ ಅಂತ ಹೇಳಲ್ಲ. ಕೆಲವು ಟೀಚರ್‌ಗಳಿಗೆ ಇದು ಹಿಡಿಸಲ್ಲ, ಇರಲಿ.

ಪ್ರಕಾಶಕರು ಪುಕ್ಕಟೆ ಕಾಪಿ ಕಳಿಸಿದ್ರೆ ಹಾಗಂತ ಬರೆದು ಪುಸ್ತಕ ಲೈಬ್ರರಿಗೆ ಕೊಡ್ತೀನಿ. ಸ್ನೇಹಿತರು ಬರೆದಿದ್ರೆ ಅದನ್ನ ಮುಟ್ಟಲ್ಲ. ಕಥೆಯ ಕೊನೆ ಹೇಳಲ್ಲ, ಚಿಕ್ಕವರದ್ದಾದ್ರೂ ಸರಿ.

ಚೆನ್ನಾಗಿಲ್ಲ ಅಂತ ಬರೆಯೋದು ಮುಜುಗರವೇ, ಊರು ಚಿಕ್ಕದು, ಬರೆದೋರು ಎಲ್ಲಾದ್ರೂ ಎದುರಿಗೆ ಸಿಗ್ತಾರೆ. ಆದ್ರೂ ಬರೀತೀನಿ, ಯಾಕಂದ್ರೆ ಎಲ್ಲ ಪುಸ್ತಕವೂ ಚೆಂದ ಅಂದ್ರೆ ಆ ಹಾಳೆನ ಯಾಕೆ ಓದಬೇಕು ಜನ. ಹೋದ ವರ್ಷ ಹಿರಿಯರೊಬ್ರು ಫೋನ್ ಮಾಡಿ, "ಏನಮ್ಮಾ, ನನ್ನ ಪುಸ್ತಕ ಮಕ್ಕಳಿಗೆ ಬೇಜಾರಾಗುತ್ತೆ ಅಂತ ಬರೆದಿದ್ಯಂತೆ, ಎಲ್ಲಮ್ಮಾ ಬೇಜಾರು?" ಅಂದ್ರು. ಚುಕ್ಕಿ ಇಟ್ಟಿದ್ದ ಕಾಪಿ ತೆಗೆದು ಪುಟ ಪುಟವಾಗಿ ಓದಿ ಹೇಳ್ದೆ. ಏಳನೇ ಪುಟದ ಹೊತ್ತಿಗೆ, "ಆಯ್ತು ಬಿಡಮ್ಮ, ಅದನ್ನ ಪೋಸ್ಟಲ್ಲಿ ಕಳಿಸಿಬಿಡು, ನಾನೇ ನೋಡ್ಕೋತೀನಿ" ಅಂದ್ರು, ಕಳಿಸ್ದೆ.