ಕೃಷಿಹೊಂಡದ ಮೀನು ಹಳ್ಳಕ್ಕೆ ಇಳಿಯದ ಹಾಗೆ ನೋಡಿಕೊಳ್ಳುವುದು

ನಾಲ್ಕು ವರ್ಷದ ಹಿಂದೆ ಆರಿದ್ರಾ ಮಳೆ ಮೂರು ದಿನ ಬಿಡದೆ ಹೊಡೆಯಿತು. ನಾಲ್ಕನೇ ದಿನ ಬೆಳಿಗ್ಗೆ ಕೊಡೆ ಹಿಡಿದು ಹೋಗಿ ನೋಡಿದರೆ ನಮ್ಮ ಕೃಷಿಹೊಂಡದ ನೀರು ದಂಡೆ ಹತ್ತಿ ಹರಿಯುತ್ತಿತ್ತು. ಕೋಡಿ ಪೈಪಿನ ಬಾಯಿಗೆ ಕಟ್ಟಿದ್ದ ಬಲೆಗೆ ದರಕು, ಅಂದರೆ ಉದುರಿದ ಒಣ ಎಲೆ, ಒತ್ತಿ ಕೂತಿತ್ತು. ಹೊಂಡದಲ್ಲಿದ್ದ ಜಿಲೇಬಿ (ತಿಲಾಪಿಯಾ) ಮೀನೆಲ್ಲ ಬಸಿಗಾಲುವೆ ಹಿಡಿದು ಹಳ್ಳಕ್ಕೆ ಹೋಗಿಯಾಗಿತ್ತು.

ನಾವು ಮೀನು ತಿನ್ನುವವರಲ್ಲ. ಹೊಂಡ ಸುಮ್ನೆ ಇದೆಯಲ್ಲ, ಸೊಳ್ಳೆ ಕಡಿಮೆಯಾದೀತು, ಕೆಲಸಕ್ಕೆ ಬರುವವರಿಗೆ ಸಾರಿಗೂ ಆದೀತು ಅಂತ ಬಿಟ್ಟಿದ್ದೆ. ಬೈಕಿನಲ್ಲಿ ಮರಿ ಮಾರಲು ಬಂದವನು ಪ್ಲಾಸ್ಟಿಕ್ ಕೊಟ್ಟೆ ಕೈಗಿತ್ತ. ಯಾವ ಮೀನು ಅಂತ ನಾನು ಕೇಳಲೂ ಇಲ್ಲ. ಮರುವರ್ಷ ಬೇಸಿಗೆಯಲ್ಲಿ, ಹಳ್ಳದಲ್ಲಿ ಗಾಳ ಹಾಕುವ ಅಜ್ಜ ಅಂಗಳಕ್ಕೆ ಬಂದು, "ಹೆಗಡೇರೇ, ನಿಮ್ಮ ಮೀನು ನಮ್ಮ ಗುಂಡಿಯಲ್ಲಿ ಸಂಸಾರ ಹೂಡಿದೆ, ಬಂದು ನೋಡಿ" ಅಂದ.

ಹೋಗಿ ನೋಡಿದೆ. ಗುಂಡಿಯ ತಳದಲ್ಲಿ ತಟ್ಟೆ ಒತ್ತಿ ತೆಗೆದ ಹಾಗೆ ದುಂಡು ದುಂಡು ತಗ್ಗು. ಒಂದೊಂದು ತಗ್ಗಿಗೂ ಒಂದೊಂದು ಗಂಡು ಕಾವಲು. ಪಕ್ಕಕ್ಕೆ ಬಂದ ಸಣ್ಣ ಮೀನನ್ನು ಅಟ್ಟಿಸಿಕೊಂಡು ಹೋಗುತ್ತದೆ. ಹೆಣ್ಣು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡುತ್ತದೆ, ಮರಿಯಾದ ಮೇಲೂ ಹೆದರಿಕೆಯಾದರೆ ಮತ್ತೆ ಬಾಯೊಳಗೆ ಸೇರಿಸಿಕೊಳ್ಳುತ್ತದೆ. ನಮ್ಮ ಹಳ್ಳದ ಸಣ್ಣ ಮೀನುಗಳಲ್ಲಿ ಹೆಚ್ಚಿನವು ಮೊಟ್ಟೆ ಚೆಲ್ಲಿ ತಮ್ಮ ಪಾಡಿಗೆ ಹೋಗುವಂಥವು. ಪೈಪೋಟಿ ಎಲ್ಲಿಂದ ಬರಬೇಕು?

ಬೇರೆ ಕಡೆಯೂ ಇದೇ ಕತೆ. ಬ್ರೌನ್ ಟ್ರೌಟ್ ಯುರೋಪಿನ ಮೀನು, ಚಳಿಗಾಲಕ್ಕೆ ಮುಂಚೆ ಹೊಳೆಯ ಜಲ್ಲಿ ತೋಡಿ ಮೊಟ್ಟೆ ಇಡುತ್ತದೆ. ಅಮೆರಿಕದಿಂದ ತಂದ ರೇನ್‌ಬೋ ಟ್ರೌಟ್ ಚಳಿ ಮುಗಿಯುವ ಹೊತ್ತಿಗೆ ಬಂದು ಅದೇ ಜಲ್ಲಿ ಕೆದಕಿದರೆ ಅಲ್ಲಿದ್ದ ಮೊಟ್ಟೆಯ ಕತೆ ಮುಗಿಯಿತು. ಊಟಿ ಕಡೆಯ ಹೊಳೆಗಳಿಗೂ ಟ್ರೌಟ್ ತಂದು ಬಿಟ್ಟವರು ಬ್ರಿಟಿಷರೇ. ನಮ್ಮ ಶಿರಸಿಯ ನೀರಿನಲ್ಲಿ ಟ್ರೌಟ್ ಬದುಕುವುದಿಲ್ಲ, ಅಷ್ಟು ತಂಪಿಲ್ಲ. ನಮ್ಮ ಪಾಲಿನ ರೇನ್‌ಬೋ ಅಂದರೆ 1952ರಲ್ಲಿ ದೇಶಕ್ಕೆ ಬಂದ ಈ ಜಿಲೇಬಿಯೇ. ಇನ್ನೊಂದು ಆಫ್ರಿಕನ್ ಕ್ಯಾಟ್‌ಫಿಶ್.

ಮೊದಲು ಮಾಡಬೇಕಾದ್ದು ನಿಮ್ಮ ಹಳ್ಳದಲ್ಲಿ ಏನಿದೆ ಅಂತ ನೋಡಿಕೊಳ್ಳುವುದು. ಫೆಬ್ರವರಿ, ಮಾರ್ಚಿನಲ್ಲಿ ನೀರು ತಿಳಿಯಾಗಿರುತ್ತದೆ. ಬಿಸಿಲು ಗುಂಡಿಗೆ ಬೀಳುವ ಹೊತ್ತಿಗೆ ಅಲುಗದೆ ಅರ್ಧ ಗಂಟೆ ಕೂತರೆ ಸಾಕು. ಪಕ್ಕೆಯಲ್ಲಿ ನೀಲಿ, ಹಳದಿ ಗೆರೆ ಇರುವವು ಮೇಲ್ನೀರಿನಲ್ಲಿ ಓಡುತ್ತವೆ. ಬಾಲದ ಹತ್ತಿರ ಕಪ್ಪು ಮಚ್ಚೆ ಇರುವವು ನಡುವೆ. ಬಂಡೆಗೆ ಅಂಟಿಕೊಂಡು ಪಾಚಿ ಕೆರೆಯುವವು ತಳದಲ್ಲಿ. ಕೆಂಪು ಮರಿಗಳ ಗುಂಪು ಒಟ್ಟಿಗೆ ಮೇಲೇಳುತ್ತಿದ್ದರೆ ಕೆಳಗೆ ಕೊರವ ಮೀನು ಕಾಯುತ್ತಿದೆ ಅಂತ ಅರ್ಥ. ಟವೆಲಿನಲ್ಲಿ ಒಂದೆರಡು ಹಿಡಿದು, ಗಾಜಿನ ಸಣ್ಣ ಡಬ್ಬಿಯಲ್ಲಿ ನೀರು ಹಾಕಿ ಪಕ್ಕದಿಂದ ಫೋಟೋ ತೆಗೆದು ಅಲ್ಲೇ ಬಿಡಿ. ಕೈಯಲ್ಲಿ ಹಿಡಿದು ತೆಗೆದ ಫೋಟೋದಲ್ಲಿ ರೆಕ್ಕೆ ಮಡಚಿಕೊಂಡು ಯಾವುದೂ ಗುರುತು ಸಿಗುವುದಿಲ್ಲ.

ಇನ್ನು ಹೊಂಡ. ನನ್ನ ತಪ್ಪು ಇದ್ದದ್ದು ಬಲೆಯಲ್ಲಿ. ಪೈಪಿನ ಬಾಯಿಗೆ ಬಟ್ಟೆ ಕಟ್ಟಿದ ಹಾಗೆ ಬಲೆ ಕಟ್ಟಿದರೆ ಅಂಗೈಯಗಲ ಜಾಗ. ಅದನ್ನು ಮುಚ್ಚಲು ನಾಲ್ಕು ಹಲಸಿನ ಎಲೆ ಸಾಕು. ಈಗ ಪೈಪಿನ ಸುತ್ತ ಮೂರು ಅಡಿ ಅಗಲದ ಬಿದಿರಿನ ಗೂಡು ನಿಲ್ಲಿಸಿದ್ದೇನೆ. ಹೊರಗೆ ದೊಡ್ಡ ಕಣ್ಣಿನ ಬಲೆ, ಅದು ಕಸ ತಡೆಯುತ್ತದೆ. ಒಳಗೆ ಸಣ್ಣ ಕಣ್ಣಿನದು, ಅದು ಮೀನು ತಡೆಯುತ್ತದೆ. ಕೋಡಿ ಪೈಪು ದಂಡೆಗಿಂತ ಒಂದೂವರೆ ಅಡಿ ಕೆಳಗಿರಲಿ. ಮಳೆಗಾಲದಲ್ಲಿ ದಿನಾ ಒಂದು ಸಲ ಕಸ ಎಳೆಯಬೇಕು. ಇದು ಬೇಜಾರಿನ ಕೆಲಸ, ಬೇರೆ ದಾರಿಯಿಲ್ಲ.

ಆದರೂ ಆಗಷ್ಟೇ ತಾಯಿ ಬಾಯಿಂದ ಬಿಟ್ಟ ಮರಿ ಬಲೆಯಲ್ಲಿ ನುಸುಳೀತು. ಅದಕ್ಕೇ ಕೋಡಿ ನೀರನ್ನು ಹಳ್ಳಕ್ಕೆ ಬಿಡದೆ ಬೇಣದ (ಹುಲ್ಲುಗಾವಲಿನ) ಇಂಗುಗುಂಡಿಗೆ ತಿರುಗಿಸಿದೆ. ನನ್ನನ್ನು ಕೇಳಿದರೆ ಬಲೆಗಿಂತ ಇದೇ ಮುಖ್ಯ. ನೀರು ತಿರುಗಿಸುವ ಜಾಗ ಇಲ್ಲದಿದ್ದರೆ ಹೊಂಡಕ್ಕೆ ಮೀನೇ ಬೇಡ.

ಮರಿ ಕೊಳ್ಳುವವರು ಹೆಸರು ಕೇಳಿ, ರಸೀದಿ ಕೇಳಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ನಮ್ಮ ದೇಶದಲ್ಲಿ ನಿಷೇಧ ಇದೆ. ಆದರೂ ಬೇರೆ ಹೆಸರಿನಲ್ಲಿ ಮಾರುತ್ತಾರೆ. ಅದು ಗಾಳಿ ಕುಡಿದು ಬದುಕುವ ಮೀನು, ಒದ್ದೆ ನೆಲದ ಮೇಲೆ ತೆವಳಿಕೊಂಡೂ ಹೋಗುತ್ತದೆ, ಯಾವ ಬಲೆಯೂ ನಂಬಿಕೆಯಲ್ಲ. ಕಾಟ್ಲಾ, ರೋಹು ನಮ್ಮದೇ ಅಲ್ವಾ ಅಂತ ಕೇಳುತ್ತಾರೆ. ಗಂಗಾ ನದಿಯ ಕಡೆಯವರಿಗೆ ನಮ್ಮದು, ನಮ್ಮ ಹಳ್ಳ ಸೇರುವ ಅಘನಾಶಿನಿ ನದಿಗಲ್ಲ. ಸೊಳ್ಳೆಗೆ ಅಂತ ಬಾವಿಗೆ ಬಿಡುವ ಗಂಬೂಸಿಯಾ, ಗಪ್ಪಿಯೂ ಹೊರಗಿನವೇ. ನೆತ್ತಿಯ ಮೇಲೆ ಹೊಳೆಯುವ ಚುಕ್ಕೆ ಇರುವ ಸಣ್ಣ ಮೀನು ನಮ್ಮ ಹಳ್ಳದಲ್ಲೇ ಇದೆ, ಸೊಳ್ಳೆಮರಿ ತಿನ್ನುವುದರಲ್ಲಿ ಅದೇನೂ ಹಿಂದೆ ಬಿದ್ದಿಲ್ಲ. ನಮ್ಮ ಹೊಂಡದಲ್ಲಿ ಈಗ ಇರುವುದು ಅದೇ.

ಪಂಚಾಯ್ತಿಯಿಂದಲೋ ಇನ್ಯಾರಿಂದಲೋ ಹಳ್ಳಕ್ಕೆ, ಕೆರೆಗೆ ಮೀನುಮರಿ ಬಿಡುವ ಕಾರ್ಯಕ್ರಮ ಬಂದರೆ ಗ್ರಾಮಸಭೆಯಲ್ಲಿ ಎರಡೇ ಪ್ರಶ್ನೆ ಕೇಳಿ. ಯಾವ ಮೀನು? ಕೆರೆಯ ಕೋಡಿ ಎಲ್ಲಿಗೆ ಹೋಗುತ್ತದೆ? ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯ್ತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲೆ ಇಡುವುದು ಅದರ ಕೆಲಸ. ನೀವು ತೆಗೆದ ಫೋಟೋ ಅಲ್ಲಿಗೆ ಕೊಡಿ. "ಇಲ್ಲಿ ಏನೂ ಮೀನಿಲ್ಲ, ಅದಕ್ಕೇ ಬಿಡ್ತಾ ಇದ್ದೇವೆ" ಅನ್ನುವವರಿಗೆ ಅದೇ ಉತ್ತರ.

ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಕೆಳಗೆ ಬೀಳುತ್ತದೆ. ಕೆಳಗಿನ ಮೀನು ಮೇಲೆ ಹತ್ತುವ ಮಾತೇ ಇಲ್ಲ, ಹಾಗಾಗಿ ಘಟ್ಟದ ಮೇಲಿನ ಹಳ್ಳಕ್ಕೆ ಹೊರಗಿನ ಮೀನು ಬಂತು ಅಂದರೆ ನಮ್ಮಂಥವರೇ ಬಿಟ್ಟಿರಬೇಕು. ಮೇಲಿನದಕ್ಕೆ ಕೆಳಗೆ ಹೋಗಲು ಒಂದು ದೊಡ್ಡ ನೆರೆ ಸಾಕು. ಈ ನದಿಗೆ ಅಣೆಕಟ್ಟೂ ಇಲ್ಲ. ಜಿಲೇಬಿ ಉಪ್ಪುನೀರಿನಲ್ಲೂ ಬದುಕುತ್ತದೆ. ಶಿರಸಿಯವನ ಹೊಂಡದ ಮೀನು ಕುಮಟಾ ಕಡೆಯವರ ಕಗ್ಗ ಭತ್ತ ಬೆಳೆಯುವ ಗಜನಿಗೂ (ಉಪ್ಪುನೀರು ನುಗ್ಗುವ ಗದ್ದೆಗೂ) ಹೋಗಬಹುದು.

ಈಗಾಗಲೇ ಹಳ್ಳ ಸೇರಿದ್ದರೆ? ಕಾರೆಕಾಯಿ ಜಜ್ಜಿ ಹಾಕುವುದು, ಬ್ಲೀಚಿಂಗ್ ಪುಡಿ ಸುರಿಯುವುದು ಬೇಡವೇ ಬೇಡ, ನಮ್ಮ ಮೀನೂ ಸಾಯುತ್ತದೆ. ಬೇಸಿಗೆಯಲ್ಲಿ ಗುಂಡಿ ಸಣ್ಣದಾದಾಗ ಗಾಳ ಹಾಕಿ, ಬಲೆ ಬೀಸಿ ಹಿಡಿಯಬೇಕು. ಸಿಕ್ಕಿದ ಜಿಲೇಬಿ ಎಷ್ಟೇ ಸಣ್ಣದಿರಲಿ, ವಾಪಸ್ ನೀರಿಗೆ ಬಿಡಬಾರದು. ಪೂರ್ತಿ ಹೋಗುವುದು ಕಷ್ಟ, ಕಡಿಮೆಯಂತೂ ಆಗುತ್ತದೆ. ಅಜ್ಜ ಈ ಸಲ ಶಿವರಾತ್ರಿಯಿಂದ ಶುರು ಮಾಡಿದ್ದಾನೆ. ಮೀನು ಅವನ ಮನೆಗೆ. ಗಾಳಕ್ಕೆ ಎರೆಹುಳ ಅಗೆದು ಕೊಡುವುದು ನನ್ನ ಪಾಲಿನ ಕೆಲಸ. ಆಯಿಗೆ, ಅಂದರೆ ಅಮ್ಮನಿಗೆ, ಮಾತ್ರ ಇದನ್ನು ಇನ್ನೂ ಹೇಳಿಲ್ಲ.